ಅಂಟು ಹಚ್ಚದ ಪಾಕೀಟು

ನಮ್ಮೂರಿನಲ್ಲಿ ಈ ಸಂಗತಿಯನ್ನು ಹೇಳುವ ರೀತಿ ಹೀಗಿದೆ. ಪೋಸ್ಟ್ ಆಫೀಸಿಗೆ ಹೊಸದಾಗಿ ಬಂದ ಹೆಣ್ಣುಮಗಳು ಕಣ್ಣು ಕಾಣದ ಮುದುಕನ ಹತ್ತಿರ ಟಪಾಲಿಗೆ ರೊಕ್ಕ ಕೇಳಿದಳು. ಕಾಲೇಜು ಕಲಿತ, ಬಾಯಿ ಜೋರಿದ್ದ ಹುಡುಗಿಯೊಬ್ಬಳು ಅಡ್ಡ ನಿಂತು, ಕಾಯಿದೆ ಮಾತಾಡಿ, ಆಕೆಯ ಬಾಯಿ ಮುಚ್ಚಿಸಿದಳು. ಪಾಕೀಟು ಪುಕ್ಕಟೆ ಹೋಯಿತು. ಆದರೆ ಮುದುಕನಿಗೆ ರೊಕ್ಕ ಕೇಳಿದ ಅವಮಾನ ತಟ್ಟಿತು. ಅಂದಿನಿಂದ ಆತ ಕಾಗದ ಬರೆಯುವುದನ್ನೇ ಬಿಟ್ಟ.

ಆ ಹುಡುಗಿ ನಾನು. ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತಾಗ, ಕುಂದಗೋಳದ ಬಸ್ಸಿನಲ್ಲಿ ಸೀಟು ಸಿಕ್ಕದೆ ತೂಗಾಡುವಾಗ ಈ ಕಥೆಯನ್ನು ನನ್ನ ಎದುರಿಗೇ ಹೇಳಿ ಬೆನ್ನು ಚಪ್ಪರಿಸಿದವರಿದ್ದಾರೆ. ಹೊಗಳಿಕೆ ನನ್ನ ಪಾಲಿಗೆ ಬಂದಿರುವುದರಿಂದ ತಿದ್ದುವ ಕೆಲಸವೂ ನನ್ನದೇ. ರೊಕ್ಕ ಕೇಳಿದ್ದು ನಿಜ. ಪಾಕೀಟು ಪುಕ್ಕಟೆ ಹೋದದ್ದು ನಿಜ. ಕಾಗದ ನಿಂತದ್ದೂ ನಿಜ. ಈ ಮೂರನ್ನು ಪೋಣಿಸಿದ ದಾರ ಮಾತ್ರ ಊರಿನವರದು. ಒಂದರ ಹಿಂದೆ ಒಂದು ಆಯಿತು ಎಂಬ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಎನ್ನಲಾಗದು. ಚರ್ಚಾಸ್ಪರ್ಧೆಗೆ ಇಳಿಯುವವರಿಗೆ ಮೊದಲ ವಾರದಲ್ಲೇ ಕಲಿಸುವ ಪಾಠವಿದು. ನನಗೂ ಕಲಿಸಿದ್ದರು.

ಆ ಮುದುಕ ನಮ್ಮ ಓಣಿಯ ಕಾಕಾ. ಪೇಟಿ ರಿಪೇರಿ ಅವರ ಕಸುಬು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಕುಂದಗೋಳದ ಸುತ್ತ ಹಾಡುವವರಿಗೆ ಕೊರತೆಯಿಲ್ಲ, ಭಜನೆಯ ಗುಂಪುಗಳಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಸ್ವರ ಕೆಟ್ಟ ಪೇಟಿಗಳು ಯರಗುಪ್ಪಿಯ ಆಚೆಯಿಂದಲೂ ಅವರ ಪಡಸಾಲೆಗೆ ಬಂದು ಸಾಲಾಗಿ ಕೂರುತ್ತವೆ. ಕಾಕಾ ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು. ದೂರದ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಕಲಿತರು. ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಕಲಘಟಗಿ ತಾಲೂಕಿನ ತಂಬೂರಿನವನು. ಇಬ್ಬರಿಗೂ ವಯಸ್ಸಾಗಿದೆ. ನಮ್ಮೂರಿನಿಂದ ತಂಬೂರಿಗೆ ಹೋಗಬೇಕೆಂದರೆ ಹುಬ್ಬಳ್ಳಿಯಲ್ಲೊಮ್ಮೆ, ಕಲಘಟಗಿಯಲ್ಲೊಮ್ಮೆ ಬಸ್ಸು ಬದಲಿಸಬೇಕು. ಅದಕ್ಕೆ ಮನೆಯವರೊಬ್ಬರ ದಿನಗೂಲಿ ತಪ್ಪಬೇಕು. ಆದ್ದರಿಂದ ಇಬ್ಬರೂ ಭೇಟಿಯಾಗದೆ ವರ್ಷಗಳಾಗಿದ್ದವು. ಆದರೆ ವಾರಕ್ಕೊಂದು ಪಾಕೀಟು ಇಲ್ಲಿಂದ ಅಲ್ಲಿಗೆ, ಒಂದು ಅಲ್ಲಿಂದ ಇಲ್ಲಿಗೆ ತಪ್ಪದೆ ಓಡಾಡುತ್ತಿತ್ತು. ಒಳಗಿರುತ್ತಿದ್ದದ್ದು ಬ್ರೈಲ್ ಬರಹ: ಬೆರಳಿನಿಂದ ಓದುವ ಉಬ್ಬು ಚುಕ್ಕಿಗಳು.

ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನೆಪದಲ್ಲಿ ನಾನು ಊರಿಗೆ ಬಂದು ಕೂತ ಮೇಲೆ, ಆ ಪಾಕೀಟಿನ ಮೇಲೆ ಮಸಿಯಲ್ಲಿ ವಿಳಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಕೇಳಿದ್ದೆ.

“ಕಾಕಾ, ಫೋನ್ ಐತಲ್ರಿ? ಒತ್ತಿದ್ರ ಮಾತಾಡತೈತಿ. ಈ ಟಪಾಲಿನ ಉಸಾಬರಿ ಯಾಕ್ರಿ?”

ಕಾಕಾ ಪೇಟಿಯ ತಿದಿಗೆ ತೊಗಲು ಅಂಟಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. “ಫೋನಿನಾಗ ಮಾತಾಡಿದ್ರ ಮನಿ ತುಂಬ ಕೇಳತೈತಿ, ವಕೀಲಬಾಯಿ. ಇರೂದು ಎರಡ ಖೋಲಿ. ನಾ ಪಿಸುಗುಟ್ಟಿದ್ರ ‘ಯಾಕ್ ಮಾವಾ, ಮೈಯಾಗ ಆರಾಮಿಲ್ಲೇನು’ ಅಂತ ಸೊಸಿ ಓಡಿ ಬರ್ತಾಳ. ಚುಕ್ಕಿ ಹೊಡದ್ರ ಟಕ್ ಟಕ್ ಸಪ್ಪಳಾ ಅಷ್ಟ. ಸಪ್ಪಳಾ ಕೇಳಿ ಯಾರಿಗೇನ್ ತಿಳೀತೈತಿ?”

ವಕೀಲಬಾಯಿ ಎನ್ನುವುದು ಅವರು ನನಗಿಟ್ಟ ಹೆಸರು. ನಾನು ವಕೀಲಿ ಓದಿಲ್ಲ ಎಂದು ಎಷ್ಟು ಸಲ ಹೇಳಿದರೂ, “ವಾದಾ ಮಾಡಾಕತ್ತಿಯಲ್ಲ, ಮತ್ತ!” ಎಂದು ನಗುತ್ತಿದ್ದರು.

ಈಗ ನಿಯಮದ ಮಾತು. ಟಪಾಲಿನ ದರ್ಜೆ, ದರಗಳ ನಿಯಮಗಳನ್ನು ಯಾರೂ ಓದುವುದಿಲ್ಲ. ಪರೀಕ್ಷೆಗೆ ಓದಬೇಕಾದದ್ದನ್ನು ತಪ್ಪಿಸಿಕೊಳ್ಳಲು ನಾನು ಓದಿದೆ. ಓದಿದರೆ ಅದರೊಳಗೊಂದು ವಿಚಾರ ಕಾಣುತ್ತದೆ. ಕಾರ್ಡು ಅಗ್ಗ, ದಾರಿಯಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಅಂಟಿಸಿದ ಪಾಕೀಟು ಅದಕ್ಕಿಂತ ತುಟ್ಟಿ. ಅದನ್ನು ಒಡೆಯುವ ಹಕ್ಕು ಒಬ್ಬರಿಗೇ. ಅಚ್ಚಾದ ಪುಸ್ತಕಗಳು ಬಾಯಿ ತೆರೆದ ಕವರಿನಲ್ಲಿ ಕಡಿಮೆ ದರಕ್ಕೆ ಹೋಗುತ್ತಿದ್ದವು. ಆ ಹಳೆಯ ಬುಕ್ ಪೋಸ್ಟ್ ಈಗಿಲ್ಲ. ರಿಜಿಸ್ಟರ್ ಟಪಾಲನ್ನೂ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ದರ್ಜೆಗಳು ಬರುತ್ತವೆ, ಹೋಗುತ್ತವೆ. ತತ್ವ ಮಾತ್ರ ಹೆಚ್ಚುಕಡಿಮೆ ಅದೇ: ಮುಚ್ಚಿದ್ದಕ್ಕೆ ಹೆಚ್ಚು ಕೊಡಬೇಕು, ತೆರೆದಿಟ್ಟರೆ ರಿಯಾಯಿತಿ ಇದೆ. ಈ ಸಾಲಿನ ಕಟ್ಟಕಡೆಯಲ್ಲಿ ಅಂಧರ ಸಾಹಿತ್ಯ ಎಂಬ ದರ್ಜೆ. ಅದು ಪೂರ್ತಿ ಪುಕ್ಕಟೆ. ಷರತ್ತುಗಳಿವೆ. ಪಾಕೀಟಿನ ಮೇಲೆ ಅಂಧರ ಸಾಹಿತ್ಯ ಎಂದು ಬರೆದಿರಬೇಕು. ತಪಾಸಣೆಗೆ ಸುಲಭವಾಗಿ ತೆರೆಯುವಂತಿರಬೇಕು, ಅಂದರೆ ಅಂಟು ಹಚ್ಚುವಂತಿಲ್ಲ. ಪುಸ್ತಕದ ಹೆಸರು, ಪ್ರಕಾಶಕರ ವಿಳಾಸದಂಥ ಒಂದೆರಡು ವಿವರ ಬಿಟ್ಟರೆ, ಕಣ್ಣಿದ್ದವರು ಓದುವ ಬರಹವಾಗಲೀ ಅಚ್ಚಿನ ಅಕ್ಷರದ ಸಂದೇಶವಾಗಲೀ ಒಳಗಿರಬಾರದು.

ಕಾಕಾರ ಪಾಕೀಟು ಮೊದಲ ಎರಡು ಷರತ್ತುಗಳನ್ನು ಪಾಲಿಸುತ್ತಿತ್ತು. ಮೂರನೆಯದನ್ನು ಪಾಲಿಸುತ್ತಿರಲಿಲ್ಲ. ಕಾರಣ, ಲಗ್ನಪತ್ರಿಕೆ.

ಬ್ರೈಲ್‌ಗೆ ದಪ್ಪ ಕಾಗದ ಬೇಕು. ತೆಳು ಹಾಳೆಯಲ್ಲಿ ಚುಕ್ಕಿ ನಿಲ್ಲುವುದಿಲ್ಲ. ನಾಲ್ಕು ಸಲ ಬೆರಳಾಡಿಸಿದರೆ ಕೂತುಬಿಡುತ್ತದೆ. ಅಂಥ ಕಾಗದ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವುದು ಲಗ್ನಪತ್ರಿಕೆ. ನಮ್ಮ ಕಡೆ ಎಂಥ ಬಡವರ ಮದುವೆಯಾದರೂ ಕಾರ್ಡು ರಟ್ಟಿನಷ್ಟು ದಪ್ಪ ಇರಲೇಬೇಕು. ಇಲ್ಲದಿದ್ದರೆ ಬೀಗರು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಗಾಳಿಗೆ ಅಲುಗಿಸಿ ತೋರಿಸುತ್ತಾರೆ. ಮದುವೆ ಮುಗಿದ ಮೇಲೆ ದೇವರ ಮನೆಯ ಗೋಡೆಯ ಮೊಳೆಗೆ ಸಿಕ್ಕಿಸಿದ ಆ ಕಾರ್ಡುಗಳನ್ನು ಓಣಿಯ ಹೆಂಗಸರು ತೆಗೆದಿಟ್ಟು ಕಾಕಾರಿಗೆ ಕೊಡುವುದು ವಾಡಿಕೆಯಾಗಿತ್ತು. ನನ್ನವ್ವ ಕಟ್ಟುಗಟ್ಟಲೆ ಕೊಟ್ಟಿದ್ದಾಳೆ. ಕಾಕಾ ಮಡಿಕೆಯಲ್ಲಿ ಕತ್ತರಿಸಿ, ಒಂದು ಬದಿ ಖಾಲಿ ಇರುವ ತುಂಡುಗಳನ್ನಷ್ಟೇ ಆರಿಸಿಟ್ಟುಕೊಳ್ಳುತ್ತಿದ್ದರು. ಆರಿಸುವುದು ಹೆಬ್ಬೆರಳಿನಿಂದ.

“ಈ ಕಡೆ ಗಣಪ್ಪ, ಬಂಗಾರದ ಅಕ್ಷರ, ಬಳ್ಳಿ, ಹೂವಾ. ಇಲ್ಲಿ ಚುಕ್ಕಿ ಎದ್ರ ಗಣಪ್ಪನ ಸೊಂಡಿ ಮತ್ತ ನನ್ನ ಮಾತು ಎರಡೂ ಕಲಸಿ ಹೋಗ್ತಾವ. ಅದಕ್ಕ ಇದನ್ನ ಮ್ಯಾಲ ಇಟ್ಟು ಹೊಡೀಬೇಕು. ಚುಕ್ಕಿ ಕೆಳಗ, ಬೋಳು ಬಾಜೂಕ ಏಳ್ತಾವು,” ಎಂದು ಒಮ್ಮೆ ಹೇಳಿದ್ದರು. ನಾನು ಹೂಂ ಎಂದಿದ್ದೆ. ಕೇಳಿಸಿಕೊಂಡಿರಲಿಲ್ಲ.

ಹಳೆಯ ಪೋಸ್ಟ್ ಮಾಸ್ತರರು ಪಾಕೀಟನ್ನು ಒಮ್ಮೆಯೂ ಬಿಚ್ಚಿ ನೋಡಿದವರಲ್ಲ. ಅವರು ನಿವೃತ್ತರಾದ ಮೇಲೆ ಬಂದ ಹೆಣ್ಣುಮಗಳನ್ನು ಊರೆಲ್ಲ ‘ಅಕ್ಕಾರು’ ಎಂದು ಕರೆಯತೊಡಗಿತು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡಿದ್ದಿಲ್ಲ, ಯಾರಿಗೂ ರಿಯಾಯಿತಿ ತೋರಿಸಿದ್ದೂ ಇಲ್ಲ.

ಹೋದ ವರ್ಷ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ದಿನಗಳು. ಅಂದು ಮುಂಜಾನೆ ಕಾಕಾ ತಾವೇ ಬರುತ್ತೇನೆಂದು ನನ್ನ ಭುಜ ಹಿಡಿದು ಹೊರಟರು. ಪೋಸ್ಟ್ ಆಫೀಸೆಂದರೆ ಒಂದು ಖೋಲಿ, ಒಂದು ಮೇಜು. ಒಳಗೆ ಪಿಂಚಣಿಗೆ ಬಂದ ಮುದುಕಿಯೊಬ್ಬಳು, ಆಧಾರ್ ಕಾರ್ಡು ಹಿಡಿದ ಇಬ್ಬರು ಗಂಡಸರು. ಅಕ್ಕಾರು ಪಾಕೀಟಿನ ಬಾಯಿ ತೆರೆದು ಒಂದು ಕಾರ್ಡು ಹೊರಗೆಳೆದರು.

“ಕಾಕಾರ, ಇದರಾಗ ಲಗ್ನಪತ್ರಿಕಿ ಅದಾವಲ್ರಿ?”

“ಹೌದ್ರಿ ಅಕ್ಕಾರ. ಅವರ ಲಗ್ನ ಮುಗದಾವ್ರಿ. ಈಗ ಅದರ ಮ್ಯಾಲ ನನ್ನ ಸಂಸಾರ ನಡದೈತಿ.”

ಗಂಡಸರು ನಕ್ಕರು. ಅಕ್ಕಾರೂ ನಕ್ಕರು. ಆಮೇಲೆ, “ಪುಕ್ಕಟ್ಟ ಹೋಗೂ ಪಾಕೀಟಿನಾಗ ಛಾಪಿಸಿದ ಅಕ್ಷರ ಇರಬಾರದು ಅಂತ ಐತ್ರಿ,” ಎಂದರು. “ಮುಂದ ಯಾರರ ಹಿಡದ್ರ ತಂಬೂರಾಗ ನಿಮ್ಮ ದೋಸ್ತರ ಕಡೆ ದಂಡಾ ಹಾಕಿ ಇಸಗೋತಾರ. ತಿಕೀಟ ಹಚ್ಚಿ ಲಕೋಟಿ ಅಂತ ಕಳಸೂಣೇನ್ರಿ?”

ಕಾಕಾರ ಕೈ ಆಗಲೇ ಜುಬ್ಬಾದ ಕಿಸೆಯಲ್ಲಿತ್ತು. “ಎಷ್ಟ ಆಕ್ಕೈತ್ರಿ? ತಗೋರಿ. ಅಂಟಿಸೇ ಬಿಡ್ರಿ.”

ನಾನು ಆ ಕೈಯನ್ನು ಹಿಡಿದೆ. ಕಥೆಯನ್ನು ಊರು ಹೇಳುವಾಗ ಈ ಭಾಗ ಬರುವುದಿಲ್ಲ.

“ನಿಲ್ರಿ ಕಾಕಾ. ಒಂದ ಪೈಸಾ ಕೊಡಬ್ಯಾಡ್ರಿ. ಇದು ನಿಮ್ಮ ಹಕ್ಕು.”

“ಇರಲಿ ಬಿಡ ಬೇಟಾ, ಪುಡಿ ರೊಕ್ಕದ ಮಾತು.”

“ರೊಕ್ಕದ ಮಾತಲ್ರಿ, ತತ್ವದ ಮಾತು.”

ಬಾಗಿಲ ಬಳಿ ಕೂತಿದ್ದ ಮುದುಕಿ, “ತತ್ವಕ್ಕ ಹತ್ತಿದ್ರ ಹೊತ್ತ ಮುಣಗತೈತಿ. ಅದಕಿಂತ ಮೊದಲ ನನ್ನ ಪಗಾರ ಕೊಟ್ಟ ಬಿಡ ಯವ್ವಾ,” ಎಂದಳು. ಪಿಂಚಣಿಗೆ ನಮ್ಮೂರಲ್ಲಿ ಪಗಾರ ಎನ್ನುತ್ತಾರೆ. ಅಕ್ಕಾರು ಆಕೆಯ ಬೆರಳಚ್ಚು ತೆಗೆದುಕೊಂಡು ಹಣ ಎಣಿಸಿ ಕೊಟ್ಟರು. ಹಣ ಸಿಕ್ಕ ಮೇಲೂ ಮುದುಕಿ ಏಳಲಿಲ್ಲ. ವಾದ ಶುರುವಾಗುವುದು ಆಕೆಗೆ ಗೊತ್ತಾಗಿತ್ತು.

ನಾನು ಶುರು ಮಾಡಿದೆ. ಚರ್ಚೆಯಲ್ಲಿ ಮೊದಲು ಶಬ್ದದ ಅರ್ಥವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಆ ಕಾರ್ಡು ನನ್ನ ದೊಡ್ಡಪ್ಪನ ಮಗಳ ಮದುವೆಯದು. ಬಂಗಾರದ ಅಕ್ಷರದಲ್ಲಿ ದೊಡ್ಡಪ್ಪನ ಹೆಸರು ಹೊಳೆಯುತ್ತಿತ್ತು.

“ಅಕ್ಕಾರ, ಸಂದೇಶ ಇರಬಾರದು ಅಂತ ಹೌದಲ್ರಿ ನಿಯಮ? ಈ ಕಾರ್ಡು ಈಗ ಯಾರಿಗೆ ಏನ ಸಂದೇಶ ಹೇಳಾಕತ್ತೈತಿ? ಲಗ್ನಕ್ಕ ಬರ್ರಿ ಅಂತನ? ಆ ಲಗ್ನ ಆಗಿ ಕೂಸು ಅಂಗನವಾಡಿಗೆ ಹೊಂಟೈತ್ರಿ. ಈಗ ಬಂದ್ರ ಊಟಾ ಯಾರ ಹಾಕ್ತಾರ? ಅದೂ ಬ್ಯಾಡ. ತಂಬೂರಾಗ ಇದನ್ನ ಇಸಗೊಳ್ಳಾವರಿಗೆ ಕಣ್ಣ ಕಾಣಂಗಿಲ್ಲ. ಅವರಿಗೆ ಇದು ಬರೇ ನುಣ್ಣನ್ನ ಮಸಿ.”

“ಹೌದ್ ನೋಡ,” ಎಂದಿತು ಆಧಾರ್ ಕಾರ್ಡುಗಳ ಪೈಕಿ ಒಂದು.

ಅಕ್ಕಾರು ದಡ್ಡರಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. “ಅಕ್ಷರದ ಮಾತು ಒಪ್ಪಿದೆ ಅಂತ ಇಟಗೋರಿ. ಆದ್ರ ಈ ಚುಕ್ಕಿ ಅವರ ಬರವಣಿಗಿನೋ, ಕಾರ್ಡಿನ ಡಿಸೈನೋ ನನಗ ಹೆಂಗ ಗೊತ್ತಾಗಬೇಕ್ರಿ? ನೋಡ್ರಿ, ಗಣಪತಿ ಸುತ್ತಾನೂ ಚುಕ್ಕಿ ಅದಾವು, ಅಂಚಿಗೂ ಅದಾವು. ಬರೇ ಹಳೀ ಲಗ್ನಪತ್ರಿಕಿ ಗಂಟು ಪುಕ್ಕಟ್ಟ ಹೊಂಟೈತಿ ಅಂತ ಯಾರರ ನನ್ನ ಕೇಳಿದ್ರ ಏನ ಹೇಳಲಿ?”

ನ್ಯಾಯವಾದ ಪ್ರಶ್ನೆ. ಇದಕ್ಕೂ ನನ್ನಲ್ಲಿ ಉತ್ತರವಿತ್ತು. ನನ್ನಲ್ಲಿ ಉತ್ತರ ಇಲ್ಲದೆ ಇರುತ್ತಿದ್ದದ್ದು ಕಡಿಮೆ.

“ಸರಳ ಐತ್ರಿ. ಓದಿಸಿ ನೋಡ್ರಿ.”

ಕಾಕಾ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. “ಇಲ್ಲೇನು?”

“ಹೂಂ ಕಾಕಾ. ಒಂದ ಕಾರ್ಡ ಓದ್ರಿ ಸಾಕು. ಅಲ್ಲಿಗೆ ಮುಗೀತು.”

“ಓದ್ರಿ ಕಾಕಾ, ಓದ್ರಿ. ನಾವೂ ಕೇಳೂಣು,” ಎಂದಳು ಮುದುಕಿ, ಇನ್ನಷ್ಟು ಆರಾಮಾಗಿ ಕೂತು.

ಅಕ್ಕಾರು, “ಬ್ಯಾಡ ಬಿಡ್ರಿ...” ಎಂದು ಏನೋ ಹೇಳಹೊರಟರು. ನಾನು ಬಿಡಲಿಲ್ಲ. ಅವರ ಕೈಯಿಂದ ಕಾರ್ಡು ತೆಗೆದು ಕಾಕಾರ ಮುಂದಿಟ್ಟೆ. ಕಾಕಾ ಸ್ವಲ್ಪ ಹೊತ್ತು ಅದರ ಮೇಲೆ ಅಂಗೈ ಊರಿ ನಿಂತರು. ಆಮೇಲೆ ತೋರುಬೆರಳನ್ನು ದೊಡ್ಡಪ್ಪನ ಹೆಸರಿನ ಮೇಲಿಂದ ನಿಧಾನವಾಗಿ ಎಳೆಯುತ್ತ ಓದತೊಡಗಿದರು.

“ದೋಸ್ತಗ ಸಲಾಮು ಮತ್ತ ಶರಣು. ನಿನ್ನ ಪತ್ರ ಮುಟ್ಟಿತು. ಇಲ್ಲೆ ಎಲ್ಲಾರೂ ಆರಾಮ. ಮಠದ ಭಜನಿ ಪೇಟಿಯೊಳಗ ಎರಡು ಸ್ವರ ಕುಂತಿದ್ವು, ಎಬ್ಬಿಸಿ ಕೊಟ್ಟೆ. ಹೆಸರು ಬಿಡಿಸಾಕತ್ತಾರ, ಆಳು ಸಿಗವಲ್ಲವು. ನನ್ನ ಸೊಸಿ ರೊಟ್ಟಿ ಬಡಿಯೂ ಕೈ ಭಾಳ ಹದಾ. ಬಿಸಿ ರೊಟ್ಟಿ ಬಿಟ್ಟು ತಂಗಳ ಹಾಕಿದಾಕಿ ಅಲ್ಲ. ನಮ್ಮ ಪೋಸ್ಟಿಗೆ ಹೊಸಾ ಅಕ್ಕಾರು ಬಂದಾರ. ಭಾಳ ಶಿಸ್ತಿನವರು. ಟಪಾಲು ಒಂದ ದಿನಾ ತಪ್ಪಂಗಿಲ್ಲ...”

ಅಕ್ಕಾರ ಮುಖ ಕೆಂಪಾಯಿತು. ಮುದುಕಿ ಚಪ್ಪಾಳೆ ತಟ್ಟಿದಳು. “ಸೊಸೀನ್ನ ಹೊಗಳಿ ಕಾಗದಾ ಬರೀತಾನ ಪುಣ್ಯಾತ್ಮ! ನಮ್ಮನ್ಯಾಗ ಯಾವನರ ಅದಾನೇನು ಇಂಥಾವಾ?”

ಅಕ್ಕಾರು ಕಾರ್ಡನ್ನು ಪಾಕೀಟಿಗೆ ಸೇರಿಸಿ, ಮೇಲೆ ಶಿಕ್ಕಾ ಹೊಡೆದು, ಚೀಲಕ್ಕೆ ಹಾಕಿದರು. ತಿಕೀಟಿಲ್ಲ, ಅಂಟಿಲ್ಲ. ನಾನು ಗೆದ್ದಿದ್ದೆ. ಮನೆಗೆ ಬರುವ ದಾರಿಯಲ್ಲಿ ಕಾಕಾ ಒಂದೇ ಮಾತು ಕೇಳಿದರು: “ಸೊಸಿ ಅಲ್ಲೆ ಇದ್ದಿದ್ದಿಲ್ಲಲಾ?” ಇರಲಿಲ್ಲ ಎಂದೆ. ಇರಬೇಕಾಗಿಯೂ ಇರಲಿಲ್ಲ, ಮುದುಕಿ ನಮಗಿಂತ ಮೊದಲೇ ಓಣಿ ಮುಟ್ಟಿದ್ದಳು.

ಮುಂದಿನ ವಾರ ವಿಳಾಸ ಬರೆಯಲು ಹೋದಾಗ ಕಾಕಾ, “ಈ ವಾರ ಬರಿಯೂದು ಏನೂ ಇಲ್ಲ ಬೇಟಾ,” ಎಂದರು. ಅದರ ಮುಂದಿನ ವಾರವೂ ಅದೇ. ತಂಬೂರಿನಿಂದ ಪಾಕೀಟು ಬರುತ್ತಲೇ ಇತ್ತು. ಒಂದು, ಎರಡು, ಮೂರು. ಪಡಸಾಲೆಯ ಗೂಟದ ಚೀಲದಲ್ಲಿ ಅವು ಸೇರುತ್ತಿದ್ದವು. ಉತ್ತರ ಹೋಗುತ್ತಿರಲಿಲ್ಲ. ಸೊಸೆ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಳು. ಒಂದು ದಿನ ಲಗ್ನಪತ್ರಿಕೆಗಳ ಕಟ್ಟನ್ನು ನಮ್ಮವ್ವನಿಗೆ ಮರಳಿಸಿ, “ಮಾವಗ ಇವು ಬ್ಯಾಡಂತ್ರಿ ಅತ್ತಿ. ಬೆರಳು ನೋಯ್ತಾವಂತ,” ಎಂದು ಹೇಳಿ ಹೋದಳು. ಅದೇ ಬೆರಳುಗಳು ಅಂದು ಮಧ್ಯಾಹ್ನ ಪೇಟಿಯ ಹಿತ್ತಾಳೆ ಪಟ್ಟಿಗಳನ್ನು ಕೆರೆದು ಸ್ವರ ಕೂಡಿಸುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸಾಕ್ಷ್ಯ ಹೇಳಿಕೆಗೆ ಹೊಂದುತ್ತಿರಲಿಲ್ಲ.

ಊರು ತನ್ನ ವಿವರಣೆಯನ್ನು ಆಗಲೇ ಹೊಲಿದು ಮುಗಿಸಿತ್ತು. ರೊಕ್ಕ ಕೇಳಿದ ಅವಮಾನ. ನನಗೂ ಅದು ಅನುಕೂಲವಾಗಿತ್ತು, ಯಾಕೆಂದರೆ ಅದರಲ್ಲಿ ನಾನು ಒಳ್ಳೆಯವಳಾಗಿದ್ದೆ. ಸಂದೇಹವಾದಿ ಎಂದು ಹೇಳಿಕೊಳ್ಳುವವಳು ತನಗೆ ಅನುಕೂಲವಾದ ಮಾತನ್ನು ಮೊದಲು ಸಂದೇಹಿಸಬೇಕಿತ್ತು. ಅದನ್ನು ಮಾಡಿದ್ದು ನಾನಲ್ಲ. ಅಕ್ಕಾರು.

ಅವರು ಟಪಾಲು ಹಂಚುತ್ತ ನಮ್ಮ ಮನೆಯ ಕಟ್ಟೆಗೆ ಬಂದು ನೀರು ಕೇಳಿದರು. ಕುಡಿದು, ತಂಬಿಗೆಯನ್ನು ಕೆಳಗಿಟ್ಟು, “ತಂಬೂರಿಂದನೂ ಈಗ ಬರೂದು ನಿಂತೈತ್ರಿ,” ಎಂದರು.

“ಕಾಕಾರಿಗೆ ನೀವು ರೊಕ್ಕಾ ಕೇಳಿದ್ದು ಮನಸಿಗೆ ಹತ್ತೇತಿ,” ಎಂದೆ ನಾನು. ಊರಿನ ಮಾತನ್ನೇ ಹೇಳಿದೆ.

ಅಕ್ಕಾರು ಸಿಟ್ಟಾಗಲಿಲ್ಲ. “ಇರಬಹುದ್ರಿ. ಆದ್ರ ಅವರು ರೊಕ್ಕಾ ತಗದಿದ್ರು. ಅಂಟಿಸ್ರಿ ಅಂದ್ರು. ಅವರ ಕೈ ಹಿಡದವರು ನೀವು.”

ನಾನು ತಂಬಿಗೆ ಎತ್ತಿಕೊಂಡೆ.

“ಲಕೋಟಿ ಅಂಟಿಸಿ ತಿಕೀಟ ಹಚ್ಚಿದ್ರ ನಾ ಬಿಚ್ಚಂಗಿಲ್ರಿ. ಮುಂದ ಯಾರೂ ಬಿಚ್ಚಂಗಿಲ್ಲ. ಹಂಗಂತ ಅವರಿಗೆ ಹೇಳ್ರಿ,” ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದರು.

ಅಷ್ಟು ನಿಯಮ ಓದಿದವಳಿಗೆ ಆಗಷ್ಟೇ ತಿಳಿಯಿತು. ತೆರೆದ ಪಾಕೀಟು ಕಾಕಾರಿಗೆ ಈವರೆಗೆ ಮುಚ್ಚಿದ್ದೇ ಆಗಿತ್ತು, ಯಾಕೆಂದರೆ ಊರಿನಲ್ಲಿ ಓದಬಲ್ಲವರಿರಲಿಲ್ಲ. ಎರಡು ಖೋಲಿಯ ಮನೆಯಲ್ಲಿ ಅವರಿಗಿದ್ದ ಮೂರನೆಯ ಖೋಲಿ ಅದು. ಅದು ಮುಚ್ಚಿಯೇ ಇರಲಿ ಎಂದು ಅಂದು ಅವರು ತಿಕೀಟಿನ ಬೆಲೆ ಕೊಡಲು ತಯಾರಿದ್ದರು. ನಾನು ಆ ರೊಕ್ಕ ಉಳಿಸಿಕೊಟ್ಟು, ಪೋಸ್ಟ್ ಆಫೀಸಿನ ಮೇಜಿನ ಮುಂದೆ ಬಾಗಿಲು ತೆರೆಸಿದ್ದೆ.

ಆದರೂ ಒಂದು ತೊಡಕಿತ್ತು. ಅಂದು ಓದಿದ ಪತ್ರದಲ್ಲಿ ಮುಚ್ಚಿಡುವಂಥದ್ದೇನಿತ್ತು? ಪೇಟಿ, ಹೆಸರು, ರೊಟ್ಟಿ, ಅಕ್ಕಾರ ಶಿಸ್ತು. ಊರಿಗೇ ಕೇಳಿಸಬಹುದಾದ ಪತ್ರ. ಕೇಳಿಸಬೇಕೆಂದೇ ಬರೆದಂತಿದ್ದ ಪತ್ರ.

ನಾನು ಬ್ರೈಲ್ ಕಲಿಯಲು ಕೂತದ್ದು ಆಗ. ಫೋನಿನಲ್ಲಿ ಕನ್ನಡದ ಚುಕ್ಕಿಗಳ ಪಟ್ಟಿ ಸಿಕ್ಕಿತು. ಪ್ರತಿ ಅಕ್ಷರಕ್ಕೆ ಆರು ಚುಕ್ಕಿಗಳ ಮನೆ. ಯಾವ ಚುಕ್ಕಿ ಎದ್ದಿದೆ, ಯಾವುದು ಇಲ್ಲ ಎಂಬುದೇ ಅಕ್ಷರ. ಮರಳಿ ಬಂದ ಕಟ್ಟಿನಿಂದ ಒಂದು ಲಗ್ನಪತ್ರಿಕೆ ತೆಗೆದುಕೊಂಡು, ಬಂಗಾರದ ಬದಿಯನ್ನು ಮೇಲಿಟ್ಟು, ಮೊಳೆಯಿಂದ ನನ್ನ ಹೆಸರು ಒತ್ತಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಏನೂ ಇಲ್ಲ. ಸಣ್ಣ ಸಣ್ಣ ತಗ್ಗು, ಅಷ್ಟೇ. ಕಾರ್ಡನ್ನು ತಿರುವಿದೆ. ಬೋಳು ಬದಿಯಲ್ಲಿ ಚುಕ್ಕಿಗಳು ಎದ್ದು ನಿಂತಿದ್ದವು.

ಮೊಳೆಯನ್ನು ಕೆಳಗಿಟ್ಟೆ. ಅಂದು ಕಾಕಾರ ಬೆರಳು ಓಡಿದ್ದು ದೊಡ್ಡಪ್ಪನ ಹೆಸರಿನ ಮೇಲೆ. ಬಂಗಾರದ ಅಕ್ಷರಗಳ ಮೇಲೆ. ಕಾರ್ಡನ್ನು ಹಾಗೆ ಇಟ್ಟವಳು ನಾನೇ. ಅವರು ತಿರುವಲಿಲ್ಲ.

ಅಂದರೆ ಅವರು ಓದಲೇ ಇಲ್ಲ. ಅಲ್ಲೇ ನಿಂತು ಕಟ್ಟಿ ಹೇಳಿದ್ದರು.

ಮಾರನೆಯ ದಿನ ಅಕ್ಕಾರ ಹತ್ತಿರ ಐದು ಲಕೋಟೆ ಕೊಂಡು, ತಿಕೀಟು ಹಚ್ಚಿಸಿಕೊಂಡು ಕಾಕಾರ ಮನೆಗೆ ಹೋದೆ. ಸೊಸೆ ಬಾಗಿಲಲ್ಲೇ ಸಿಕ್ಕಳು. “ಬರ್ರಿ, ಬರ್ರಿ. ನಿಮ್ಮಿಂದ ನೋಡ್ರಿ ನಮ್ಮ ಮಾವನ ಮನಸಿನಾಗಿಂದು ಹೊರಗ ಬಂತು. ಎದುರಿಗೆ ಒಂದ ದಿನಾ ‘ಚಲೋ ಆಗೇತಿ’ ಅಂದಾವ್ರಲ್ಲ!” ಎಂದು ನಕ್ಕು, ಚಹಾಕ್ಕೆ ಹಾಲು ತರಲು ಹೊರಗೆ ಹೋದಳು.

ಕಾಕಾ ಬಿಚ್ಚಿದ ಪೇಟಿಯ ಮುಂದೆ ಕೂತಿದ್ದರು. “ಏನ್ ವಕೀಲಬಾಯಿ, ಭಾಳ ದಿನಕ್ಕ?”

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. “ಕಾಕಾ, ಅವತ್ತ ಪೋಸ್ಟಿನಾಗ ಕಾರ್ಡ್ ತಿರುವಿರಲಿಲ್ಲ ನೀವು. ಬಂಗಾರದ ಬಾಜೂ ಮ್ಯಾಲ ಇತ್ತು. ಆ ಕಡೆ ಓದಾಕ ಬರಂಗಿಲ್ಲ.”

ಅವರ ಕೈ ನಿಂತಿತು. ಆಮೇಲೆ ಸಣ್ಣಗೆ ನಕ್ಕರು. “ಇದನ್ನ ನಿನಗ ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ. ನಾನ ಕಲತೀನಿ. ನಿಧಾನ ಆಗತೈತಿ, ಆದ್ರ ಓದಾಕ ಬರತೈತಿ.”

ಹೆಮ್ಮೆಯಿಂದಲೇ ಹೇಳಿದೆ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಕಾಕಾ ಗೂಟದ ಕಡೆ ಕೈ ಚಾಚಿ, ತಂಬೂರಿನ ಪಾಕೀಟುಗಳಿದ್ದ ಚೀಲವನ್ನು ತಡಕಿ ತೆಗೆದು, ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು. ಒರಟಾಗಿ ಅಲ್ಲ. ಮಳೆ ಬಂದರೆ ಹೊರಗಿನ ಬಟ್ಟೆ ಒಳಗೆ ತರುವಷ್ಟು ಸಹಜವಾಗಿ.

“ಹಂಗಾರ ಊರಾಗ ಓದಾವರು ಇಬ್ಬರಾದ್ವಿ,” ಎಂದರು.

ಅವರ ಪಾಕೀಟನ್ನು ಒಮ್ಮೆ ಬಾಯಿಯಿಂದ ತೆರೆದಿದ್ದೆ. ಈಗ ಬೆರಳಿನಿಂದಲೂ ತೆರೆಯಬಲ್ಲೆ ಎಂದು ಹೇಳಲು ಬಂದಿದ್ದೆ. ಆ ಚೀಲದಲ್ಲಿ ತಂಬೂರಿನವನು ಏನು ಕೇಳಿದ್ದಾನೋ, ಯಾಕೆ ಬರೆಯುವುದಿಲ್ಲವೆಂದು ಬೈದಿದ್ದಾನೋ, ಇದ್ದಾನೋ ಇಲ್ಲವೋ ಎಂದು ಗಾಬರಿಯಾಗಿದ್ದಾನೋ, ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿ ಈಗ ನನಗಿದೆ, ಅದೇ ತೊಂದರೆ.

ಐದೂ ಲಕೋಟೆಗಳನ್ನು ಅವರ ಕೈಗೆ ಮುಟ್ಟಿಸಿದೆ. ಕಾಕಾ ಒಂದರ ಅಂಚಿನ ಮೇಲೆ ಹೆಬ್ಬೆರಳಾಡಿಸಿ, ತಿಕೀಟು ಎಲ್ಲಿದೆ, ಅಂಟು ಎಲ್ಲಿದೆ ಎಂದು ನೋಡಿಕೊಂಡರು. ಹೊರಗೆ ಸೊಸೆ ಯಾರ ಜೊತೆಗೋ ಮಾತಾಡುತ್ತ ಹತ್ತಿರ ಬರುತ್ತಿದ್ದಳು.

“ಕಾಕಾ, ವಿಳಾಸಾ ನಾ ಬರಿಯಂಗಿಲ್ರಿ. ಅಕ್ಕಾರ ಕಡೆ ಬರಸ್ರಿ. ನೀವ ಅಂಟಿಸ್ರಿ, ನೀವ ಕೈಲೆ ಕೊಡ್ರಿ. ನಾ ಆ ಕಡೆ ಹಾಯಂಗಿಲ್ಲ. ಹಂಗಾದ್ರ ಬರೀತೀರೇನ್ರಿ?”